ಹಂಡೆ ಕೊಟ್ಟವಳಿಗೆ ಸನ್ಮಾನ

ದುಃಖ ಬಂದಾಗ ಮನುಷ್ಯರು ಮಲಗಿಬಿಡುತ್ತಾರೆ ಎಂದು ಕೇಳಿದ್ದೆ. ಊಟ ಬೇಡ ಎನ್ನುತ್ತಾರೆ, ಗೋಡೆಯ ಕಡೆ ಮುಖ ಮಾಡುತ್ತಾರೆ, ಯಾರಾದರೂ ಮಾತಾಡಿಸಿದರೆ ಬರೀ ಹೂಂ ಎನ್ನುತ್ತಾರೆ. ನೋಡುವವರಿಗೂ ಅದು ಲಕ್ಷಣವಾಗಿ ಕಾಣುತ್ತದೆ. ನನಗೆ ಆ ಭಾಗ್ಯ ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನಾನು ಒಂದು ಕಡೆ ಕೂರಲಾರದವನಾಗಿದ್ದೇನೆ. ನೀರು ಕುಡಿಯಲೆಂದು ಅಡುಗೆಮನೆಗೆ ಹೋಗುತ್ತೇನೆ, ಅಲ್ಲಿ ನಿಂತು ಯಾಕೆ ಬಂದೆ ಎಂದು ಯೋಚಿಸುತ್ತೇನೆ, ಸರಿ ಬಾಗಿಲು ಹಾಕಿದೆಯೋ ಇಲ್ಲವೋ ನೋಡೋಣ ಎಂದು ಹೊರಗೆ ಬರುತ್ತೇನೆ, ಬಾಗಿಲ ಹತ್ತಿರ ಬಾಯಾರಿಕೆ ನೆನಪಾಗುತ್ತದೆ. ಹೀಗೆ ಮನೆಯೊಳಗೇ ದಿನಕ್ಕೆ ಒಂದೆರಡು ಮೈಲಿ ನಡೆಯುತ್ತೇನೆ. ಖಾಸಗಿ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೂ ಬೆಟ್ಟಕ್ಕೂ ನಡುವೆ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು ನಾನು. ಕೂತವರ ಹತ್ತಿರ ಹೋಗಿ ಬರುವುದೇ ನನ್ನ ಕೆಲಸವಾಗಿತ್ತು. ಆ ಅಭ್ಯಾಸವೇ ಇರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ನೆಂಟರು ಮಾತ್ರ ತಿಥಿಗೆ ಬಂದವರು ನೋಡಿ, "ಪರವಾಗಿಲ್ಲ, ಓಡಾಡ್ಕಂಡವ್ರೆ" ಎಂದು ಮೆಚ್ಚಿಕೊಂಡು ಹೋದರು.

ನನ್ನ ಹೆಂಡತಿ ಚಿಕ್ಕತಾಯಮ್ಮ. ಹನೂರಿನಲ್ಲಿ ಪಾತ್ರೆ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ಮಾರುವ ಅಂಗಡಿಯಲ್ಲ, ಬಾಡಿಗೆಗೆ ಕೊಡುವ ಅಂಗಡಿ. ಕೊಳಗ, ಹಂಡೆ, ಸೌಟು, ಜಾಲರಿ, ಕುರ್ಚಿ, ಶಾಮಿಯಾನ. ನಾನು ಬಸ್ಸಿನಲ್ಲಿ ಊರೂರು ಸುತ್ತುತ್ತಿದ್ದಾಗ ಅವಳು ಒಬ್ಬಳೇ ಕಟ್ಟಿದ ಅಂಗಡಿ. ಬೋರ್ಡಿನಲ್ಲಿ ಅವಳ ಹೆಸರಿಲ್ಲ, ನನ್ನದೂ ಇಲ್ಲ, 'ಮದುವೆ ಸಾಮಾನು ದೊರೆಯುತ್ತದೆ' ಎಂದಷ್ಟೇ ಇದೆ. ಅದು ಅರ್ಧ ಅಂಗಡಿಯ ಮಾತು. ಉಳಿದರ್ಧಕ್ಕೆ ಬೋರ್ಡು ಹಾಕುವಂತಿಲ್ಲ. ಅದು ಸಾವಿನ ಮನೆಯ ಸಾಮಾನು.

ಅದರ ಕ್ರಮವೇ ಬೇರೆ. ಮದುವೆಯವರು ಅಂಗಡಿಯೊಳಗೆ ಬಂದು, ಕೊಳಗ ಬಡಿದು ಸದ್ದು ನೋಡಿ, ಚೌಕಾಸಿ ಮಾಡುತ್ತಾರೆ. ಸಾವಿನ ಮನೆಯವರು ಮೆಟ್ಟಿಲು ಹತ್ತುವುದಿಲ್ಲ. ರಸ್ತೆಯಲ್ಲೇ ನಿಂತಿರುತ್ತಾರೆ. ಬೇಕು ಎಂದು ಕೇಳುವುದೂ ಇಲ್ಲ. ತಾಯಮ್ಮ ತಲೆ ಎತ್ತಿ ನೋಡಿದಾಗ, "ಅವ್ವ, ನಮ್ಮನಲಿ ಇಂಗಾಯ್ತು" ಎನ್ನುತ್ತಾರೆ, ಅಷ್ಟೇ. ಇವಳು ಎಷ್ಟು ಜನ, ಎಷ್ಟು ಹೊತ್ತು ಎಂದು ಏನೂ ವಿಚಾರಿಸದೆ ಗೂಡ್ಸ್ ಆಟೋ ಕರೆಸಿ, ಹಂಡೆ, ಕುರ್ಚಿ, ಬಣ್ಣವಿಲ್ಲದ ಶಾಮಿಯಾನ ತುಂಬಿ, ತಾನೂ ಅದರ ಜೊತೆ ಹೋಗುತ್ತಿದ್ದಳು. ಅದಕ್ಕೆ ಬಾಡಿಗೆ ಇಲ್ಲ. ಥ್ಯಾಂಕ್ಸ್ ಇಲ್ಲ. ಕೆಲಸ ಮುಗಿದ ಮೇಲೆ ಹೋಗಿ ಬರುತ್ತೇನೆ ಎಂದು ಹೇಳುವಂತೆಯೂ ಇಲ್ಲ, ಸಾವಿನ ಮನೆಗೆ ಮತ್ತೆ ಬರುತ್ತೇನೆ ಎಂದು ಯಾರು ಹೇಳುತ್ತಾರೆ. ಸುಮ್ಮನೆ ಸಾಮಾನು ತುಂಬಿಕೊಂಡು ಬಂದುಬಿಡುವುದು. ಮೂವತ್ತು ವರ್ಷ ಅವಳು ಹೀಗೆ ಸುಮ್ಮನೆ ಹೋಗಿ ಸುಮ್ಮನೆ ಬಂದಳು. ಕೊನೆಗೆ ನಮ್ಮ ಮನೆಯಿಂದ ಹೋಗುವಾಗಲೂ ಹಾಗೇ ಮಾಡಿದಳು. ಬೆಳಿಗ್ಗೆ ಕಾಫಿಗೆ ಹಾಲು ಇಟ್ಟವಳು ಒಲೆ ಆರಿಸಿ ಹೋಗಿ ಮಲಗಿದಳು. ನಾನು ಪೇಪರ್ ಓದುತ್ತಿದ್ದೆ.

ಅಂಗಡಿ ನನ್ನ ಕೈಗೆ ಬಂತು. ಎರಡು ತರದ ಸಾಮಾನಿಗೂ ಗುರುತು ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಸಾವಿನ ಮನೆಯ ಹಂಡೆಯ ಕತ್ತಿಗೆ ಅವಳು ಒಂದು ಚುಕ್ಕೆ ಡಾಂಬರು ಹಚ್ಚಿ ಇಟ್ಟಿದ್ದಳು. ನಾನು ಅದನ್ನು ಕೊಳೆ ಎಂದುಕೊಂಡೆ. ಉಜ್ಜಿ ನೋಡಿದೆ, ಹೋಗಲಿಲ್ಲ. ನಾನು ನಡೆಸಿದ ಮೊದಲನೇ ಮದುವೆಗೆ ಅಂಥವೇ ನಾಲ್ಕು ಹಂಡೆ ಕಳಿಸಿದೆ. ಹೆಣ್ಣಿನ ಕಡೆಯ ಅಜ್ಜಿಯೊಬ್ಬರು ಅಡುಗೆ ಮನೆಗೆ ಬಂದು, ಪಾಯಸ ಕುದಿಯುತ್ತಿದ್ದ ಹಂಡೆಯ ಕತ್ತು ನೋಡಿ, "ಅಯ್ಯೋ ಇದು ನಮ್ ಯಜಮಾನ್ರ ಹಂಡೆ" ಎಂದರಂತೆ. ಆ ಪಾಯಸವನ್ನು ಯಾರೂ ಮುಟ್ಟಲಿಲ್ಲ. ನಾನು ಹೋಗಿ ಕೈಮುಗಿದು ಬೇರೆ ಹಂಡೆ ಕೊಟ್ಟು, ಪಾಯಸವನ್ನು ಮನೆಗೆ ತಂದು, ನಾನೂ ಎದುರಿನ ಟೀ ಅಂಗಡಿ ಸಿದ್ದರಾಜುವೂ ಎರಡು ದಿನ ಕುಡಿದೆವು. "ತಾಯಕ್ಕ ನಿಮ್ಗ ಏನೂ ಏಳ್ಕೊಟ್ಟಿಲ್ವಣ್ಣ" ಎಂದು ಸಿದ್ದರಾಜು ಕೇಳಿದ. ಹೇಳಿರಬಹುದು. ಕೇಳಿಸಿಕೊಳ್ಳಲು ನಾನು ಮನೆಯಲ್ಲಿ ಎಲ್ಲಿದ್ದೆ.

ಇದೇ ಸಿದ್ದರಾಜು ಒಂದು ದಿನ ಟೀ ಲೋಟದ ಜೊತೆ ಒಂದು ಕರಪತ್ರ ತಂದು ಕೈಗೆ ಕೊಟ್ಟ. ಕೊಳ್ಳೇಗಾಲದಲ್ಲಿ ಅಂಗಡಿಯವರದೇ ಒಂದು ಸಂಘ ಇದೆ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕುಗಳಲ್ಲಿ ವ್ಯಾಪಾರದ ಜೊತೆಗೆ ತಮ್ಮ ಊರಿನ ಜನಕ್ಕೆ ನೆರವಾದ ಅಂಗಡಿಗಳನ್ನು ಗುರುತಿಸಿ ಸನ್ಮಾನ ಮಾಡುತ್ತೇವೆ, ಅರ್ಜಿ ಹಾಕಿ, ಎಂದು ಅದರಲ್ಲಿತ್ತು. "ತಾಯಕ್ಕನ ಅಂಗ್ಡಿ ಹೆಸ್ರು ಕೊಡಿ ಅಣ್ಣ. ಅವ್ರಿಗ್ ಕೊಡ್ದೆ ಇನ್ಯಾರ್ಗ ಕೊಟ್ಟಾರು" ಎಂದ. ಒಂದು ಸಲ, ತುಂಬಿದ ಸಭೆಯಲ್ಲಿ, ಮೈಕಿನಲ್ಲಿ ಅವಳ ಹೆಸರನ್ನು ಯಾರಾದರೂ ಪೂರ್ತಿ ಹೇಳುವುದನ್ನು ಕೇಳಬೇಕು ಎನ್ನಿಸಿತು. ಬೋರ್ಡಿನಲ್ಲೂ ಇಲ್ಲದ ಹೆಸರು. ಜೊತೆಗೆ, ಸುಳ್ಳು ಯಾಕೆ, ಎದ್ದು ಎಲ್ಲಿಗಾದರೂ ಹೋಗಲು ಒಂದು ನೆಪವೂ ಸಿಕ್ಕಿತ್ತು. ಟೀ ಅರ್ಧ ಬಿಟ್ಟು ಮುಂದಿನ ಬಸ್ಸಿಗೇ ಕೊಳ್ಳೇಗಾಲಕ್ಕೆ ಹೋದೆ.

ಸಂಘದ ಕಾರ್ಯದರ್ಶಿಯವರದು ಬಟ್ಟೆ ಅಂಗಡಿ. ಒಳ್ಳೆಯ ಮನುಷ್ಯರು, ಕೂರಿಸಿದರು, ನಾನು ಎದ್ದೆ, ಮತ್ತೆ ಕೂರಿಸಿದರು. ಅರ್ಜಿ ಕೊಟ್ಟು ವಿವರಿಸಿದರು. ಸೇವೆ ಪಡೆದವರಿಂದ ಪ್ರಶಂಸಾ ಪತ್ರ ಎರಡು, ಸೇವೆ ನಡೆಯುತ್ತಿರುವಾಗ ತೆಗೆದ ಫೋಟೊ ಎರಡು.

"ಫೋಟೊ ಎಲ್ಲಿಂದ ತರಲಿ ಸಾ, ಅದು ಸಾವಿನ ಮನೆ" ಎಂದೆ.

"ಇರಲಿ ಸಾ, ಸೇವೆ ಸೇವೆನೇ ಅಲ್ವಾ. ಜನ ಸ್ವಲ್ಪ ನಗ್ತಾ ಇರೋದಾದ್ರೆ ಕಮಿಟಿಯೋರಿಗೆ ಬೇಗ ಒಪ್ಗೆ ಆಗುತ್ತೆ."

ನಾನು ಅವರ ಮುಖ ನೋಡಿದೆ. ಅವರು ಹೇಳಿದ ಮೇಲೆ ತಾವೇ ಯೋಚಿಸಿ, "ನಗದಿದ್ರೂ ಪರವಾಗಿಲ್ಲ, ಮುಖ ಕಂಡ್ರೆ ಸಾಕು" ಎಂದರು. ಆಗಲೇ ಬಂದಿದ್ದ ಅರ್ಜಿಗಳನ್ನು ತೋರಿಸಿದರು. ಬೆಟ್ಟಕ್ಕೆ ನಡೆದು ಹೋಗುವವರಿಗೆ ಮಜ್ಜಿಗೆ ಕೊಟ್ಟ ಮೊಬೈಲ್ ಅಂಗಡಿಯವರು ಹದಿನಾಲ್ಕು ಫೋಟೊ ಇಟ್ಟಿದ್ದರು. ಎಲ್ಲದರಲ್ಲೂ ಮಜ್ಜಿಗೆ ಲೋಟ ಒಂದು ಕೈಯಿಂದ ಇನ್ನೊಂದು ಕೈಗೆ ಅರ್ಧ ದಾರಿಯಲ್ಲಿತ್ತು. ಇಬ್ಬರೂ ನಮ್ಮನ್ನೇ ನೋಡುತ್ತಿದ್ದರು. ಪಾಪ, ಆ ಬಿಸಿಲಲ್ಲಿ ನಡೆದು ಬಂದವನು ಹದಿನಾಲ್ಕು ಫೋಟೊ ಮುಗಿದ ಮೇಲಾದರೂ ಮಜ್ಜಿಗೆ ಕುಡಿದಿರಲಿ. ಮಜ್ಜಿಗೆ ಕೊಟ್ಟಿದ್ದಂತೂ ನಿಜ, ಅದಕ್ಕೆ ನಾನು ಏನೂ ಅನ್ನುವಂತಿಲ್ಲ. ಅರ್ಜಿ ಕೊಡಲು ಶುಕ್ರವಾರ ಕಡೆಯ ದಿನ ಎಂದು ಹೇಳಿ ಕಾರ್ಯದರ್ಶಿಯವರು ನನ್ನ ಫೋನ್ ನಂಬರು ಬರೆದುಕೊಂಡರು.

ಬುಧವಾರ ಅಂಗಡಿಗೆ ಬೀಗ ಹಾಕಿ ಯಳಂದೂರಿಗೆ ಹೋದೆ. ಅಲ್ಲಿ ನಂಜುಂಡ ಎಂಬುವನು ಹೈಸ್ಕೂಲಿನಲ್ಲಿ ಕ್ಲರ್ಕು. ಮೊದಲು ಹನೂರಿನಲ್ಲಿದ್ದ. ಅವನ ತಂದೆ ಹೋದಾಗ ತಾಯಮ್ಮನೇ ನಿಂತು ಎಲ್ಲ ಮಾಡಿದ್ದಳು. ಅಕ್ಷರ ದುಂಡಗೆ, ಕಚೇರಿ ಭಾಷೆ ಗೊತ್ತು, ಇವನಿಗಿಂತ ಒಳ್ಳೆಯವನು ಸಿಗುವುದಿಲ್ಲ ಎಂದು ಹೋಗಿದ್ದೆ. ಅವನೂ ಸಂತೋಷದಿಂದಲೇ ಹಾಳೆ ತೆಗೆದ. "ನಮ್ಮ ತಂದೆಯವರು ನಿಧನರಾದ" ಎಂದು ಅರ್ಧ ಸಾಲು ಬರೆದಿರಬೇಕು, ಒಳಗಿನಿಂದ ಅವನ ಹೆಂಡತಿ ಬಂದಳು.

"ಏನ್ರೀ ಅದು ಬರೀತಿರಾದು? ತೊಟ್ಟಿಲು ಕಟ್ಟಿರಾ ಮನ. ಆ ಮಾತ್ನೆಲ್ಲ ಕಾಗ್ದುದ್ ಮೇಲ ಬರೀಬ್ಯಾಡಿ" ಎಂದು ಹಾಳೆಯನ್ನೇ ಕಿತ್ತುಕೊಂಡಳು. ನನ್ನ ಕಡೆ ತಿರುಗಿ, "ಬೇಜಾರ್ ಮಾಡ್ಕಬ್ಯಾಡಿ ಮಾವ, ಮಗೀಗ ಇನ್ನೂ ಮೂರ್ ತಿಂಗ್ಳು" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ. ನಂಜುಂಡ ಜಾಣ. ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ಬೇರೆ ಹಾಳೆಯಲ್ಲಿ ಬರೆದುಕೊಟ್ಟ. ಬಸ್ಸಿನಲ್ಲಿ ಕೂತು ಓದಿದೆ. 'ನಮ್ಮ ಮನೆಯಲ್ಲಿ ಅನಿರೀಕ್ಷಿತವಾಗಿ ಏರ್ಪಟ್ಟ ಒಂದು ಸಮಾರಂಭಕ್ಕೆ ಶ್ರೀಮತಿ ಚಿಕ್ಕತಾಯಮ್ಮನವರು ಶಾಮಿಯಾನ, ಕುರ್ಚಿ ಹಾಗೂ ಹಂಡೆಗಳನ್ನು ಉಚಿತವಾಗಿ ಒದಗಿಸಿ, ಸಮಾರಂಭವು ಯಶಸ್ವಿಯಾಗಿ ನೆರವೇರಲು ಕಾರಣರಾಗಿರುತ್ತಾರೆ. ಮುಂದೆಯೂ ಅವರಿಂದ ಇಂಥ ಸೇವೆಯನ್ನು ನಿರೀಕ್ಷಿಸುತ್ತೇವೆ.' ಪಕ್ಕದ ಸೀಟಿನವರು ನನ್ನನ್ನು ಎರಡು ಸಲ ನೋಡಿದರು. ಹೆಂಡತಿ ಹೋದ ಮೇಲೆ ನಾನು ಸದ್ದು ಮಾಡಿ ನಕ್ಕಿದ್ದು ಅದೇ ಮೊದಲು. ನಗು ಮುಗಿಯುವಾಗ ಕರ್ಚೀಫು ಬೇಕಾಯಿತು. ತಾಯಮ್ಮ ಇದ್ದಿದ್ದರೆ ಓದಿ ಹೇಳಬಹುದಿತ್ತು.

ಗುರುವಾರ ಹನೂರಿನಲ್ಲೇ ನಾಲ್ಕಾರು ಮನೆ ಸುತ್ತಿದೆ. ಯಾರೂ ಇಲ್ಲ ಎನ್ನಲಿಲ್ಲ, ಯಾರೂ ಬರೆಯಲಿಲ್ಲ. ಒಬ್ಬರಿಗೆ ಗುರುವಾರ ಅಂಥದ್ದು ಬರೆಯಬಾರದು, ಒಬ್ಬರ ಮನೆಯಲ್ಲಿ ನಿಶ್ಚಿತಾರ್ಥ, ಇನ್ನೊಬ್ಬರ ಕನ್ನಡಕ ಒಡೆದಿತ್ತು. ಆದರೆ ಪ್ರತಿ ಮನೆಯಲ್ಲೂ ಕಾಫಿ ಕೊಟ್ಟರು, ಕಾಫಿಯ ಜೊತೆಗೆ ಅವಳ ಬಗ್ಗೆ ಒಂದೊಂದು ಮಾತು ಹೇಳಿದರು. ನನಗೆ ಗೊತ್ತಿಲ್ಲದ ಮಾತುಗಳು. ಅಲ್ಲಿಗೆ ನಿಜವಾಗಿ ನಾನು ಏನು ಹುಡುಕಿಕೊಂಡು ಹೊರಟಿದ್ದೇನೆ ಎಂಬ ಅನುಮಾನ ನನಗೇ ಬರತೊಡಗಿತು. ಪತ್ರ ಸಿಕ್ಕಿಬಿಟ್ಟರೆ ಮುಂದಿನ ಮನೆಗೆ ಹೋಗಲು ಕಾರಣ ಇರುವುದಿಲ್ಲವಲ್ಲ ಎಂದು ಒಳಗೊಳಗೇ ಹೆದರಿಕೆಯೂ ಆಯಿತು.

ಶುಕ್ರವಾರ ಬೆಳಿಗ್ಗೆ ಆರರ ಬಸ್ಸಿಗೆ ಕೌದಳ್ಳಿಗೆ ಹೋದೆ. ಅಲ್ಲಿ ಕೆಂಪಮ್ಮ ಎಂಬ ರೈತ ಹೆಂಗಸು ತಾಯಮ್ಮನಿಗೆ ಬೇಕಾದವರು. ಬೆಳಿಗ್ಗೆಯೇ ಪತ್ರ ತೆಗೆದುಕೊಂಡು, ಹನೂರಿನಲ್ಲಿ ಅರ್ಜಿ ಎತ್ತಿಕೊಂಡು, ಸಂಜೆಯೊಳಗೆ ಕೊಳ್ಳೇಗಾಲ ಮುಟ್ಟುವುದು ನನ್ನ ಲೆಕ್ಕ. ಕೆಂಪಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು.

"ಏನ್ ಕಂಡಕ್ಟ್ರಣ್ಣ, ವಿಸಿಲ್ ಇಲ್ದೆ ಬಂದ್ಬುಟ್ಟೆ" ಎಂದರು. ನಾನು ವಿಷಯ ಹೇಳಿದೆ. ಮೊರ ನಿಂತಿತು.

"ಬರ್ಕೊಡದಾ? ಏನಂತ? ನನ್ ಗಂಡ ಸತ್ತ, ತಾಯವ್ವ ಹಂಡ ಕೊಟ್ಲು ಅಂತಾವಾ? ಅದ್ಕ ಅವಳ್ಗ ಹಾರ ಹಾಕಾರಾ?"

"ಅವಳಿಗಲ್ಲ ಕೆಂಪಮ್ಮ, ಅವಳೆಲ್ಲಿದ್ದಾಳೆ. ಅಂಗಡಿಗೆ."

"ಅಂಗ್ಡಿಗ ಹಾರ ಹಾಕಾರಾ. ಎಲ್ಲಿಗ ಹಾಕಾರು, ಬಾಗ್ಲಿಗೋ ಬೀಗುಕ್ಕೋ?"

ಕೇಳಿ ನನಗೆ ಅವಮಾನವಾಯಿತೆಂದು ತಿಳಿದು, ಅವರೇ ಎದ್ದು ಹೋಗಿ ರೊಟ್ಟಿ ತಟ್ಟಿದರು. ನಾನು ಬೇಡ ಎಂದೆ, ಬಸ್ಸು ಹೋಗುತ್ತದೆ ಎಂದೆ. "ಬಸ್ಸು ನಿನ್ ಬಿಟ್ಟು ಎಲ್ಲಿಗೋದದು, ಕುಂತ್ಕೊ" ಎಂದರು. ರೊಟ್ಟಿ ಹಾಕುತ್ತಾ ಹೇಳಿದರು. ಅವರ ಗಂಡ ಹೋದ ದಿನ ಮನೆಯವರೆಲ್ಲ ಅಳುತ್ತಾ ಕೂತಿದ್ದಾಗ ಹಿತ್ತಲಲ್ಲಿ ಎಮ್ಮೆ ಅರಚುತ್ತಿತ್ತಂತೆ. ಯಾರಿಗೂ ಕಿವಿಯಿಲ್ಲ. ಹಂಡೆ ಇಳಿಸಲು ಬಂದ ತಾಯಮ್ಮ ಸೀರೆ ಎತ್ತಿಕಟ್ಟಿ, ಚೆಂಬು ಹುಡುಕಿ, ಹಾಲು ಕರೆದು, ಮಕ್ಕಳಿಗೆಲ್ಲ ಕಾಯಿಸಿ ಕೊಟ್ಟಳಂತೆ. "ಅಷ್ಟೊತ್ಗ ಮಕ್ಳು ಹಸ್ಕಂಡವೆ ಅಂತ ನಂಗೇ ಗ್ಯಾನಿಲ್ಲ ಕಣಣ್ಣ" ಎಂದರು ಕೆಂಪಮ್ಮ. ನನ್ನ ಹೆಂಡತಿಗೆ ಹಾಲು ಕರೆಯಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾವು ಎಂದೂ ಎಮ್ಮೆ ಕಟ್ಟಿದವರಲ್ಲ. ಎಲ್ಲಿ ಕಲಿತಳು, ಯಾವಾಗ ಕಲಿತಳು. ಇನ್ನೂ ಏನೇನು ಬರುತ್ತಿತ್ತೋ. ಅದೇ ಯೋಚನೆಯಲ್ಲಿ ಒಂದು ಬಸ್ಸು ಹೋಯಿತು, ಇನ್ನೊಂದು ಕೆಟ್ಟು ನಿಂತಿತು. ಹನೂರಿಗೆ ಬಂದಾಗ ಎರಡು ಗಂಟೆ. ಕೈಯಲ್ಲಿ ಪತ್ರವಿಲ್ಲ, ಒಂದು ಚೀಲ ಹುರುಳಿ ಇತ್ತು.

ಸಿದ್ದರಾಜು ಟೀ ಅಂಗಡಿ ಬಿಟ್ಟು ರಸ್ತೆಗೇ ಬಂದ. "ಎಲ್ಗೋಗಿದ್ರಣ್ಣ? ಎಷ್ಟ್ ಸಲ ಫೋನ್ ಮಾಡದು?" ಫೋನು ನನ್ನ ಚೀಲದಲ್ಲಿ ಹುರುಳಿಯ ಅಡಿಯಲ್ಲಿ ಹೂತುಹೋಗಿತ್ತು. "ಟೈಲರ್ ಪುಟ್ಸಾಮಿ ಓಗ್ಬುಟ್ರು. ಅವರ್ ಮಗ ಮಹೇಶ ಏಳ್ ಗಂಟ್ಗೇ ಬಂದು ರಸ್ತಲಿ ನಿಂತಿದ್ದ. ಬೀಗ ಅದ ಕಣಪ್ಪ ಅಂದ್ರ, 'ತಾಯವ್ವನ ಅಂಗ್ಡಿ ಯಾವತ್ ಬೀಗ ಆಕಿದ್ದು, ಬತ್ತಾರ ಬುಡಿ' ಅಂತಾನ. ಒಂದ್ ಗಂಟ ನಿಂತಿದ್ದ ಕಣಣ್ಣ. ಟೀ ಕೊಟ್ರೂ ಮುಟ್ನಿಲ್ಲ." ಊರಲ್ಲಿರುವ ಇನ್ನೊಂದು ಅಂಗಡಿಯ ಸಾಮಾನೆಲ್ಲ ಆ ದಿನ ಒಂದು ಮದುವೆಗೆ ಹೋಗಿತ್ತಂತೆ. ಕೊನೆಗೆ ಯಾರದೋ ಟ್ರಾಕ್ಟರಿನ ಟಾರ್ಪಾಲು ಬಿಚ್ಚಿ, ನುಗ್ಗೆ ಮರಕ್ಕೂ ಕರೆಂಟ್ ಕಂಬಕ್ಕೂ ಕಟ್ಟಿಕೊಂಡರಂತೆ.

ಸಾವಿನ ಮನೆಯವರಿಗೆ ನಮ್ಮ ಅಂಗಡಿ ಯಾವಾಗಲೂ ನೆರವಾಗುತ್ತದೆ ಎಂದು ಬರೆಸಿಕೊಳ್ಳಲು ನಾನು ಮೂರು ದಿನ ಊರೂರು ಅಲೆಯುತ್ತಿದ್ದೆ. ಅತ್ತ ಸಾವಿನ ಮನೆಯವನು ಒಂದು ಗಂಟೆ ಹೊತ್ತು ನಮ್ಮ ಬೀಗ ನೋಡುತ್ತಾ ನಿಂತಿದ್ದ. ಇದನ್ನು ಯಾರಾದರೂ ಬೇರೆಯವರ ಬಗ್ಗೆ ಹೇಳಿದ್ದರೆ ನಾನು ಬಸ್ಸಿನ ತುಂಬಾ ಹೇಳಿಕೊಂಡು ನಗುತ್ತಿದ್ದೆ.

ಬೀಗ ತೆಗೆದೆ. ಡಾಂಬರಿನ ಚುಕ್ಕೆ ನೋಡಿ ನೋಡಿ ಎರಡು ಹಂಡೆ, ಕುರ್ಚಿಗಳು, ಬಿಳಿ ಶಾಮಿಯಾನ ಎಲ್ಲ ಗೂಡ್ಸ್ ಆಟೋಗೆ ತುಂಬಿ ಹೊರಟೆ. ಹೋಗುವಷ್ಟರಲ್ಲಿ ಗಂಡಸರು ಪುಟ್ಟಸ್ವಾಮಿಯವರನ್ನು ಎತ್ತಿಕೊಂಡು ಹೋಗಿ ಆಗಿತ್ತು. ಟಾರ್ಪಾಲಿನ ಕೆಳಗೆ ಹೆಂಗಸರು ನೆಲದ ಮೇಲೆ ಕೂತಿದ್ದರು. ಟಾರ್ಪಾಲಿನ ತೂತುಗಳಿಂದ ಬಿಸಿಲು ಅವರ ತಲೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ನಾನು ಎರಡು ಕೈಯಲ್ಲೂ ಕುರ್ಚಿ ಹಿಡಿದು ನಿಂತೆ. ಮೂವತ್ತು ವರ್ಷ ಬಸ್ಸಿನಲ್ಲಿ ಎಷ್ಟೋ ಜನರ ಬೈಗುಳ ತಿಂದಿದ್ದೇನೆ. ಆ ಹೊತ್ತು ಯಾರಾದರೂ ಬಾಯಿ ತುಂಬಾ ಬೈದರೆ ಸಾಕಾಗಿತ್ತು. ಯಾರೂ ಬೈಯಲಿಲ್ಲ. ಪುಟ್ಟಸ್ವಾಮಿಯವರ ಹೆಂಡತಿ ಜಯಮ್ಮ ತಲೆ ಎತ್ತಿ, "ಹಂಡ ಇಳ್ಸಣ್ಣ. ಮಣ್ ಮಾಡಿ ಬರೋರ್ಗ ನೀರ್ ಕಾದಿಲ್ಲ" ಎಂದರು.

ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಹಂಡೆ ಏರಿಸಿದೆ. ನೀರು ತುಂಬಿದೆ. ಬೆಂಕಿ ಹಚ್ಚುವುದು ಎಂದರೆ ಏನೆಂದು ಆಗ ತಿಳಿಯಿತು. ಸೌದೆ ಹಸಿ. ಮೊದಲು ಕಾಗದ ಬೇಕು. ಜೇಬಿನಲ್ಲಿ ನಂಜುಂಡನ ಪತ್ರ ಇತ್ತು, ಅದರ ಮೇಲೆ ಕೈ ಹೋಗಿ ವಾಪಸು ಬಂತು, ತೆಂಗಿನ ಗರಿ ಹುಡುಕಿ ತಂದೆ. ಊದಿದೆ. ಬೆಂಕಿ ಬರಲಿಲ್ಲ, ಹೊಗೆ ಬಂತು. ಎಷ್ಟು ಹೊಗೆ ಎಂದರೆ ಮುಂದೆ ಕೂತಿದ್ದ ಹೆಂಗಸರಲ್ಲಿ ಅಳು ನಿಲ್ಲಿಸಿದ್ದವರು ಕೂಡ ಮತ್ತೆ ಕಣ್ಣು ಒರೆಸಿಕೊಂಡರು. ಅಷ್ಟರಲ್ಲಿ ಫೋನು ಬಂತು. ಕಾರ್ಯದರ್ಶಿಯವರು.

"ಸಾ, ಇವತ್ತೇ ಕಡೇ ದಿನ. ಏನಾಯ್ತು?"

"ಪತ್ರ ಒಂದೇ ಸಿಕ್ಕಿರೋದು ಸಾ. ಈಗ ಬರಕ್ಕಾಗಲ್ಲ, ಒಂದು ಸಾವಿನ ಮನೇಲಿದ್ದೀನಿ. ನೀರು ಕಾಯಿಸ್ತಾ ಇದ್ದೀನಿ."

ಅವರು ದನಿ ಸಣ್ಣ ಮಾಡಿ, ನನ್ನ ಒಳ್ಳೆಯದಕ್ಕೇ ಹೇಳುವವರ ಹಾಗೆ, "ಹಾಗಾದ್ರೆ ಅಲ್ಲೇ ಒಂದು ಫೋಟೊ ತೆಗೆದು ಕಳಿಸಿಬಿಡಿ ಸಾ. ಪತ್ರ ಒಂದಾದ್ರೂ ನಾನು ನೋಡ್ಕೋತೀನಿ" ಎಂದರು.

ನಾನು ಫೋನು ಜೇಬಿಗೆ ಹಾಕಿ ಬೆಂಕಿ ಊದಿದೆ ಎಂದು ಬರೆದರೆ ನೀವು ನನ್ನನ್ನು ಮೆಚ್ಚಿಕೊಳ್ಳುತ್ತೀರಿ. ನಿಜ ಹೇಳುತ್ತೇನೆ, ತೆಗೆದೆ. ಮುಂದೆ ಹಿಂದೆ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಕಳ್ಳನ ಹಾಗೆ ಎರಡು ಫೋಟೊ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರ ಸಂದೇಶ ಬಂತು: 'ಸಾರ್, ಎರಡರಲ್ಲೂ ಬರೀ ಹೊಗೆ. ಒಂದರಲ್ಲಿ ತಮ್ಮ ಹೆಬ್ಬೆರಳು ಇದೆ. ಕ್ಷಮಿಸಿ.' ಸನ್ಮಾನ ಯಾರಿಗೆ ಆಯಿತೋ ನಾನು ವಿಚಾರಿಸಲಿಲ್ಲ. ಮಜ್ಜಿಗೆಯವರಿಗೇ ಆಗಿದ್ದರೆ ಒಳ್ಳೆಯದೇ, ಆ ದಾರಿಯಲ್ಲಿ ಮಜ್ಜಿಗೆ ಬೇಕೇ ಬೇಕು.

ಮಣ್ಣಿಗೆ ಹೋದವರು ವಾಪಸು ಬಂದರು. ಒಬ್ಬೊಬ್ಬರೇ ಹಿತ್ತಲಿಗೆ ಬಂದು ಚೆಂಬು ತುಂಬಿ ಮೈಮೇಲೆ ಹೊಯ್ದುಕೊಳ್ಳತೊಡಗಿದರು. ಮೊದಲು ಮಹೇಶನೇ ಬಂದ. ತಲೆಯ ಮೇಲೆ ಒಂದು ಚೆಂಬು ಸುರಿದುಕೊಂಡು, ಹಲ್ಲು ಕಟಕಟ ಎನ್ನಿಸುತ್ತಾ ನನ್ನ ಕಡೆ ತಿರುಗಿದ. ಬೆಳಿಗ್ಗೆ ಒಂದು ಗಂಟೆ ನಿಂತದ್ದಕ್ಕೆ ಒಂದು ಮಾತೂ ಆಡದಿದ್ದವನಿಗೆ ಈಗ ಸಿಟ್ಟು ಬಂದಿತ್ತು.

"ಏನ್ ಕಂಡಕ್ಟ್ರಣ್ಣ, ನೀರು ಇನ್ನೂ ತಣ್ಗ ಕೊರೀತಾ ಅದ. ಚಿಕ್ಕತಾಯಮ್ಮ ಇದ್ದಿದ್ರ ಇಂಗ್ ಮಾಡೋರಾ? ಅವ್ರು ಬಂದು ಹಂಡ ಇಟ್ರು ಅಂದ್ರ ನಾವ್ ಯಾರೂ ಆ ಕಡ ತಿರುಗ್ ನೋಡಂಗಿರ್ಲಿಲ್ಲ" ಎಂದ. ಟವೆಲು ಹಿಡಿದು ಹಿಂದೆ ನಿಂತಿದ್ದ ಗಂಡಸರೆಲ್ಲ, ತುಂಬಿದ ಸಭೆಯ ಹಾಗೆ, ಹೌದು ಹೌದು ಎಂದು ತಲೆಯಾಡಿಸಿದರು.

ಇದನ್ನೇ ಒಂದು ಹಾಳೆಯಲ್ಲಿ ಬರೆದು ರುಜು ಹಾಕಿಕೊಡಪ್ಪ ಎಂದು ಕೇಳಲು ಬಾಯಿ ತೆರೆದೆ. ಹೊಗೆ ಗಂಟಲಿಗೆ ಹೋಗಿ ಕೆಮ್ಮು ಬಂತು. "ಮೊದ್ಲು ಬೆಂಕಿ ನೋಡಣ್ಣ" ಎಂದ ಮಹೇಶ. ನಾನು ಇನ್ನೊಂದು ಸೌದೆ ಹುಡುಕಲು ಹೋದೆ.